ಕೊಂಡಪ್ಪನ ಮೇಲ್ದುಟಿ

ಅನುಗೊಂಡನಹಳ್ಳಿಯ ರೈತ ಕೊಂಡಪ್ಪನಿಗಿದ್ದಂಥ ದಪ್ಪ ಮೀಸೆ ಆ ಹೋಬಳಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಜನ ಅದನ್ನು ಜಂಬ ಅಂದುಕೊಂಡಿದ್ದರು. ಜಂಬವೂ ಇತ್ತು, ಹೊಸಕೋಟೆಗೆ ಹೊರಟರೆ ಹರಳೆಣ್ಣೆ ಸವರಿ ತೀಡದೆ ಹೊಸಿಲು ದಾಟುತ್ತಿರಲಿಲ್ಲ. ಆದರೆ ಎಂಟನೇ ವಯಸ್ಸಿನಲ್ಲಿ ಹೋರಿಯ ಕೊಂಬು ತಗುಲಿ ಅವನ ಮೇಲ್ದುಟಿ ಸೀಳಿತ್ತು. ಗಾಯ ಮಾಯ್ದರೂ ತುಟಿ ಒಂದು ಕಡೆ ಮೇಲಕ್ಕೆ ಎಳೆದುಕೊಂಡೇ ಉಳಿಯಿತು. ಓರಗೆಯವರು ‘ಮೊಲದ ಮೂತಿ’ ಎಂದು ಆಡಿಕೊಳ್ಳುತ್ತಿದ್ದರು. ಮೀಸೆ ಬಂದ ಮೇಲೆ ಊರು ಅದನ್ನು ಮರೆಯಿತು. ಹದಿನೈದು ದಿನಕ್ಕೊಮ್ಮೆ ಕತ್ತರಿ ಆಡಿಸುವ ಕ್ಷೌರದ ಲಕ್ಷ್ಮಯ್ಯ ಮಾತ್ರ ಮರೆತಿರಲಿಲ್ಲ. ಆ ಜಾಗದಲ್ಲಿ ಕೂದಲು ಉದ್ದ ಬಿಟ್ಟು ಹದವಾಗಿ ಮುಚ್ಚುತ್ತಿದ್ದ. ಅರವತ್ತನಾಲ್ಕನೇ ಇಸವಿಯಲ್ಲಿ ಪಕ್ಕದ ತಾಲ್ಲೂಕಿನ ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಹೆಂಡತಿ ಗಂಗಲಕ್ಷ್ಮಮ್ಮನಿಗೂ ಕೊಂಡಪ್ಪ ಹೇಳಲಿಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಅವನ ತಂದೆ ತೀರಿಕೊಂಡರು. ಹಿರಿಮಗನಾದವನು ತಲೆಗೂದಲಿನ ಜೊತೆ ಮೀಸೆಯನ್ನೂ ತೆಗೆಸಬೇಕು. ಕಾರ್ಯದ ದಿನ ಕೆರೆಯ ದಡದಲ್ಲಿ ಕೂತಾಗ ಕೊಂಡಪ್ಪ ಲಕ್ಷ್ಮಯ್ಯನ ಕೈ ಹಿಡಿದುಕೊಂಡ.

“ಮೀಸೆ ಬಿಟ್ಬಿಡೋಕಾಗಲ್ವಾ, ಲಕ್ಷ್ಮಯ್ಯ?”

“ಅಪ್ಪನ ಕಾರ್ಯ ಅಲ್ವಾ ಗೌಡ್ರೇ? ಕಣ್ಣು ಮುಚ್ಕೊಳಿ,” ಎಂದ ಲಕ್ಷ್ಮಯ್ಯ. ನೆಂಟರಿಗೆ ಕಾಣದಂತೆ ಬೆನ್ನು ಅಡ್ಡ ಕೊಟ್ಟು ಕೂತು ಕತ್ತಿ ಆಡಿಸಿದ. ಮುಗಿದ ಕೂಡಲೇ ಒಗೆದ ಟವಲೊಂದನ್ನು ಅವನ ಬಾಯಿಗೆ ಅಡ್ಡ ಸುತ್ತಿದ.

ನಾಲ್ಕು ದಿನ ಕೊಂಡಪ್ಪ ಆ ಟವಲು ಬಿಚ್ಚಲಿಲ್ಲ. ಹಲ್ಲುನೋವು ಅಂದ. ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಐದನೆಯ ದಿನ ಗಂಗಲಕ್ಷ್ಮಮ್ಮ ತಾನೇ ತಟ್ಟೆ ಹಿಡಿದು ಹಿಂದೆಯೇ ಬಂದು ಪಕ್ಕದಲ್ಲಿ ಕೂತಳು.

“ತೆಗೀರಿ ಅದನ್ನ. ಸೆಕೆ ಆಗಲ್ವಾ?”

“ಬ್ಯಾಡ, ಹೋಗು.”

“ಮದ್ವೆ ಆದ ವರ್ಷ ನಿಮ್ಗೆ ವಿಪರೀತ ಜ್ವರ ಬಂದಿರ್ಲಿಲ್ವಾ? ಹತ್ತು ದಿನ ಒದ್ದೆ ಬಟ್ಟೇಲಿ ಮುಖ ಒರೆಸ್ದೋಳು ನಾನೇ. ಅವತ್ತೇ ನೋಡಿದ್ದೀನಿ.”

“ಮತ್ತೆ ಒಂದಿನಾನೂ ಕೇಳ್ಲಿಲ್ಲ?”

“ಅಷ್ಟು ಆಸೆಯಿಂದ ಮೀಸೆ ತೀಡ್ಕೊಳ್ತಿದ್ರಿ. ಕೇಳಿ ಯಾಕೆ ನೋಯಿಸ್ಲಿ ಅಂತ ಸುಮ್ನಾದೆ.”

ಅವಳೇ ಟವಲು ಬಿಚ್ಚಿದಳು. ಅಪ್ಪ ಸತ್ತಾಗ ಎಲ್ಲರೆದುರು ಬಿಗಿಹಿಡಿದಿದ್ದ ಅಳು ಕೊಂಡಪ್ಪನಿಗೆ ಆಗ ಬಂತು. ಅತ್ತು ಮುಗಿಸುವವರೆಗೆ ಅವಳು ಮುದ್ದೆಯ ತಟ್ಟೆ ಹಿಡಿದುಕೊಂಡೇ ಕೂತಿದ್ದಳು.

ಮೀಸೆ ಮತ್ತೆ ಬಂತು. ಈ ಸಲ ಅದರಲ್ಲಿ ನಾಲ್ಕೈದು ಬಿಳಿ ಕೂದಲು. ಕೊಂಡಪ್ಪನಿಗೆ ಅದೊಂದು ಹೊಸ ಚಿಂತೆ. ಹಾಡುಹಗಲೇ ಜಗಲಿಯ ಮೇಲೆ ಕೂತು, ಹೆಂಡತಿಗೆ ಮುಖವೊಡ್ಡಿ, “ಒಂದೊಂದೇ ಕಿತ್ತಾಕು, ಮೆತ್ತಗೆ,” ಅನ್ನುತ್ತಿದ್ದ. ಗಂಗಲಕ್ಷ್ಮಮ್ಮ ನಗು ತಡೆದುಕೊಂಡು ಕೀಳುತ್ತಿದ್ದಳು.