ತರಗತಿಯ ಬಾಗಿಲಲ್ಲಿ ಖಾಕಿ

ನಮ್ಮ ಕನ್ನಡ ಶಾಲೆಗೂ ಪಕ್ಕದ ರಸ್ತೆಯ ಪೊಲೀಸ್ ಚೌಕಿಗೂ ಬೀಗರ ಸಂಬಂಧ. ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ಪಾಲಖಿ ಪುಣೆಗೆ ಬಂದಾಗ ಬಂದೋಬಸ್ತಿನ ಪೊಲೀಸರು ನಮ್ಮ ತರಗತಿಗಳಲ್ಲೇ ಮಲಗುತ್ತಾರೆ. ಶಾಲೆಯ ವಾರ್ಷಿಕ ಗ್ಯಾದರಿಂಗ್ ದಿನ ಗೇಟು ಕಾಯಲು ಅವರು ಪೇದೆಗಳನ್ನು ಕಳಿಸುತ್ತಾರೆ. ಈ ಕೊಡುಕೊಳ್ಳುವಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೀಗರೆಂದು ನೇರ ಅಡುಗೆಮನೆಗೇ ನುಗ್ಗಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಅಂದು ಎಂಟನೆಯ ತರಗತಿಗೆ ಇತಿಹಾಸ ಹೇಳುತ್ತಿದ್ದೆ. ಮುಖ್ಯಾಧ್ಯಾಪಕರು ಸಮವಸ್ತ್ರದ ಹವಾಲ್ದಾರರೊಬ್ಬರನ್ನು ಬಾಗಿಲಿಗೇ ಕರೆತಂದರು. ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಮೊಬೈಲ್ ಕಳುವಾಗಿತ್ತು. ಆಗ ಅಲ್ಲಿದ್ದ ನಮ್ಮ ವಿದ್ಯಾರ್ಥಿನಿಯ ಮೇಲೆ ಅಂಗಡಿಯವನಿಗೆ ಅನುಮಾನ. ಅವಳನ್ನು ಚೌಕಿಗೆ ಒಯ್ದು ವಿಚಾರಿಸಬೇಕಂತೆ. ಮುಖ್ಯಾಧ್ಯಾಪಕರು ಹೆಸರು ಕೂಗಿದ್ದೇ ತಡ, ಇಡೀ ತರಗತಿ ಅವಳತ್ತ ತಿರುಗಿತು. ಹುಡುಗಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು. ನನ್ನ ಮೈಯೆಲ್ಲ ಉರಿಯಿತು.

"ಬಾಯಾರ, ಎರಡ ನಿಮಿಷದ ಕೆಲಸ ಅದ, ಕಳಸ್ರಿ. ಇವರೇನ ಹೊರಗಿನವರಲ್ಲ," ಎಂದು ಮುಖ್ಯಾಧ್ಯಾಪಕರು ನನಗೆ ಹೇಳಿದರು. ಶಿಕ್ಷಕಿಯರನ್ನು ನಮ್ಮಲ್ಲಿ ಬಾಯಾರು ಎಂದೇ ಕರೆಯುವುದು.

"ಹೊರಗಿನವರಲ್ಲಂದ್ರ ಪಾಠದ ನಡುವ ಬಂದು ಹುಡುಗೀನ್ನ ಎಳಕೊಂಡ ಹೋಗಬೇಕೇನ್ರಿ ಸರ್?"

ಮಕ್ಕಳನ್ನು ವಿಚಾರಿಸಲು ಖಾಕಿ ತೊಟ್ಟು ಬರುವಂತಿಲ್ಲ, ಅದು ನಿಮ್ಮದೇ ಕಾನೂನು, ಇವಳ ತಾಯಿ ಬರುವವರೆಗೆ ಒಂದು ಮಾತೂ ಕೇಳಕೂಡದು ಎಂದು ಹವಾಲ್ದಾರರಿಗೆ ಮರಾಠಿಯಲ್ಲೇ ಹೇಳಿದೆ. ನೀವು ಇತಿಹಾಸ ಕಲಿಸಿ, ಕಾನೂನು ನಮಗೆ ಬಿಡಿ ಎಂದು ಅವರು ನಕ್ಕರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಲ್ಲಿಂದ ಸರಿಯದೆಯೇ ಹುಡುಗಿಯ ತಾಯಿಗೆ ಫೋನ್ ಮಾಡಿದೆ.

ಆಕೆ ಶಿವಾಜಿನಗರದ ಮೆಸ್ಸೊಂದರಲ್ಲಿ ಚಪಾತಿ ಲಟ್ಟಿಸುವವಳು; ವಾಸ ಗೋಡೆಗೆ ಗೋಡೆ ತಾಗಿದ ಒಂಟಿಕೋಣೆಗಳ ಚಾಳಿನಲ್ಲಿ. ಕೈಯ ಹಿಟ್ಟನ್ನೂ ತೊಳೆಯದೆ ಓಡಿ ಬಂದಳು. ಹವಾಲ್ದಾರರು ಮಣಿಯಲೇಬೇಕಾಯಿತು; ವಿಚಾರಣೆ ಶಾಲೆಯ ಆಫೀಸಿನಲ್ಲೇ, ತಾಯಿಯ ಎದುರೇ ನಡೆಯಿತು. ತಾನು ಪೆನ್ನು ಕೊಂಡು ಹೊರಟೆ, ಮೊಬೈಲ್ ನೋಡೇ ಇಲ್ಲ ಎಂದಳು ಹುಡುಗಿ. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಕೊಟ್ಟ ಚಹಾ ಕುಡಿಯದೆ ಹವಾಲ್ದಾರರು ಎದ್ದು ಹೋದರು.

ಗೆದ್ದೆವೆಂದುಕೊಂಡೆ. ಅಷ್ಟರಲ್ಲಿ ತಾಯಿ ಮಗಳ ಮಣಿಕಟ್ಟು ಹಿಡಿದಳು. "ನಾಳಿಂದ ಈಕಿನ್ನ ಸಾಲಿಗಿ ಕಳಸಂಗಿಲ್ರಿ ಬಾಯಾರ. ಪೊಲೀಸ್ರು ಹುಡುಕ್ಕೊಂಡು ಬಂದಿದ್ರು ಅಂದ್ರ ಚಾಳಿನಾಗ ತಲಿ ಎತ್ತಿ ತಿರಗೂದು ಹೆಂಗ್ರಿ? ನನ್ನ ಜೋಡಿ ಚಪಾತಿ ಮಾಡ್ಕೊಂಡಿರಲಿ."

"ಅದೂ ಛಲೋನ ಆತು, ಸ್ವಲ್ಪ ದಿನ ಮನ್ಯಾಗ ಇರಲಿ," ಎಂದು ಮುಖ್ಯಾಧ್ಯಾಪಕರು ದನಿಗೂಡಿಸಿದರು.

ಹವಾಲ್ದಾರರಿಗೆ ಹೇಳಿದಂತೆ ಈ ತಾಯಿಗೆ ಕಾನೂನು ಹೇಳಲಾದೀತೇ? ಚಾಳಿನಲ್ಲಿ ಬದುಕಬೇಕಾದವಳು ಅವಳು, ನಾನಲ್ಲ.

ಹುಡುಗಿ ಕೈ ಬಿಡಿಸಿಕೊಂಡಳು.

"ಯವ್ವಾ, ನಾ ತಗೊಂಡಿಲ್ಲ. ತಗೊಂಡಿಲ್ಲಂದ ಮ್ಯಾಲೆ ಸಾಲಿ ಯಾಕ ಬಿಡ್ಲಿ?"

ಆಮೇಲೆ ನನ್ನತ್ತ ತಿರುಗಿ, "ಪಾಠ ಅರ್ಧಕ್ಕ ನಿಂತದ, ಬರ್ರಿ ಬಾಯಾರ," ಎಂದಳು. ಮುಖ್ಯಾಧ್ಯಾಪಕರ ಮುಂದೆಯೇ ಹಾದು, ನನಗೂ ಕಾಯದೆ, ತರಗತಿಯೊಳಕ್ಕೆ ನಡೆದಳು.