ಮೀನಿಲ್ಲದ ತೊಟ್ಟಿಗೆ ಬಿಕ್ಕೋಡಿನ ನೀರು

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಬೆನ್ನ ಹಿಂದೆ ಆಡಿದ್ದಲ್ಲ. ಅರಸೀಕೆರೆಯ ನಮ್ಮ ಪಡಸಾಲೆಯಲ್ಲಿ ಕೊಬ್ಬರಿ ಚೀಲಕ್ಕೆ ಒರಗಿ ಕೂತು, ನಾನು ಕಾಫಿ ತಂದುಕೊಟ್ಟಾಗ ನನ್ನ ಮುಖ ನೋಡಿಯೇ ಹೇಳಿದರು.

"ಅಲ್ಲ ಕಣವ್ವಾ, ನಮ್ ವಂಶದಲ್ಲಿ ಯಾರಾನಾ ಹತ್ತನೇ ಕ್ಲಾಸು ದಾಟವ್ರಾ? ನೀನು ಬಿಎಸ್ಸಿ ಮುಗಿಸ್ತೀಯಾ? ಮುಗಿಸ್ದಂಗೇ ಬಿಡು."

ಅಪ್ಪ ತೀರಿಹೋದ ಮೇಲೆ ಮನೆಯ ಯಜಮಾನಿಕೆ ಅವರದು. ಕೆಟ್ಟವರಲ್ಲ. ಹಾಗೆಂದರೂ ಕಾಲೇಜು ಬಿಡಿಸಲಿಲ್ಲ. ಆದರೆ ಕೊನೆಯ ವರ್ಷಕ್ಕೆ ಒಂದು ಕರಾರು ಹಾಕಿದರು: ಒಂದೇ ಒಂದು ವಿಷಯದಲ್ಲಿ ಫೇಲಾದರೂ ಮತ್ತೆ ಕಟ್ಟುವ ಮಾತಿಲ್ಲ, ಬಂದಿರುವ ಗಂಡಿಗೆ ಕೊಟ್ಟುಬಿಡುವುದು. ನನಗೆ ಓದು ಬೇಕಾಗಿತ್ತು. ಒಪ್ಪಿಕೊಂಡೆ.

ಆ ವರ್ಷ ಪ್ರಾಣಿಶಾಸ್ತ್ರಕ್ಕೆ ಒಂದು ಪ್ರಾಜೆಕ್ಟ್ ಇತ್ತು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿ, ಹೊರಗಿನಿಂದ ಬರುವ ಪರೀಕ್ಷಕರಿಗೆ ಬದುಕಿರುವ ಮೀನನ್ನೇ ತೋರಿಸಬೇಕು. ಕಾಲೇಜಿನಲ್ಲಿ ಸಂಜೆಯಾದರೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕುತ್ತಿದ್ದರು, ಗಾಳಿಯಾಡಿಸುವ ಮೋಟಾರು ನಿಂತುಹೋಗುತ್ತಿತ್ತು. ಹಾಗಾಗಿ ತೊಟ್ಟಿ ನಮ್ಮ ಪಡಸಾಲೆಗೇ ಬಂತು.

ಮಠಕ್ಕೆ ನಡೆದುಕೊಳ್ಳುವ ಮನೆ ನಮ್ಮದು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಕೇಳಿದಳು: "ಏನವ್ವಾ, ಲಿಂಗ ಕಟ್ಟಿದೋರ ಮನೇಲಿ ಮೀನಂತೆ? ಸಾರಿಗಾ, ಪೂಜೆಗಾ?"

ದೊಡ್ಡಪ್ಪ ಇದನ್ನು ಕೇಳಿಸಿಕೊಂಡರು. ತೊಟ್ಟಿಯ ಸುತ್ತ ಒಂದು ಸುತ್ತು ಬಂದು, "ಇಟ್ಕೊ. ಆದ್ರೆ ಒಂದು ಮೀನು ಸತ್ತು ತೇಲ್ತೋ, ತೊಟ್ಟಿ ಸಮೇತ ಬೀದಿಗೆ. ಈ ಮನೇಲಿ ಜೀವ ಹೋಗಕೂಡ್ದು" ಎಂದರು.

ನನ್ನ ಜೊತೆಯವರೆಲ್ಲ ಮೊದಲು ಮೀನು ಬಿಟ್ಟು, ಸತ್ತವನ್ನು ಎಸೆದು, ಉಳಿದವನ್ನು ಸಾಕುತ್ತಿದ್ದರು. ನನಗೆ ಆ ದಾರಿ ಮುಚ್ಚಿತ್ತು. ನಮ್ಮ ಮೇಷ್ಟ್ರು ಬೇರೆ ಉಪಾಯ ಹೇಳಿಕೊಟ್ಟರು. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ತಡೆದುಕೊಳ್ಳಬಲ್ಲದು. ಮೀನೇ ಇಲ್ಲದ ತೊಟ್ಟಿಗೆ ತೊಟ್ಟು ತೊಟ್ಟು ಅಮೋನಿಯಾ ಹಾಕುತ್ತಾ ಈ ಬ್ಯಾಕ್ಟೀರಿಯಾಗಳನ್ನು ಮೊದಲು ಬೆಳೆಸಬೇಕು, ಆಮೇಲೆ ಮೀನು. ಮನೆ ಕಟ್ಟಿ ಮುಗಿಸಿ ಒಕ್ಕಲು ತಂದ ಹಾಗೆ.

ನೀರು ಯಾವುದು? ನಮ್ಮ ಬೋರ್‌ವೆಲ್ ನೀರಿನ ಮೇಲೆ ನಮ್ಮ ಕೇರಿಯವರಿಗೆ ಯಾರಿಗೂ ಮರ್ಯಾದೆ ಇರಲಿಲ್ಲ. ಬೇಳೆ ಬೇಯದು, ಸೋಪು ನೊರೆ ಬಾರದು. ಮಲೆನಾಡ ಕಡೆಯ ನೆಂಟರ ಮನೆಗೆ ಹೋದವರು ಒಂದು ಕ್ಯಾನು ಸಿಹಿನೀರು ಹಿಡಿದೇ ವಾಪಸು ಬರುತ್ತಿದ್ದರು. ಅವ್ವನ ತವರು ಬಿಕ್ಕೋಡು. ಮೀನಿಗೆ ಒಳ್ಳೆಯ ನೀರೇ ಇರಲಿ ಎಂದು ನಾನೂ ಅವ್ವನೂ ಹೋಗಿ, ಕಾಫಿ ತೋಟದ ಅಂಚಿನ ಹಳ್ಳದಿಂದ ಕ್ಯಾನುಗಳ ತುಂಬ ತುಂಬಿಕೊಂಡೆವು. ಬೇಲೂರಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಅಡ್ಡ ಬಂದ.

"ಏನ್ರಮ್ಮಾ, ಹಾಲಾ?"

"ನೀರು ಕಣಪ್ಪಾ, ಮೀನಿಗೆ" ಎಂದಳು ಅವ್ವ.

"ಮೀನೆಲ್ಲಿ?"

"ಇನ್ನೂ ಬಂದಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಹಳೇಬೀಡು ದಾಟುವವರೆಗೂ ಹಿಂದಿನ ಸೀಟಿನ ಯಾರೋ "ಮೀನು ಮುಂದಿನ ಬಸ್ಸಲ್ಲಿ ಬತ್ತೈತೇನೋ" ಎನ್ನುತ್ತಲೇ ಇದ್ದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಕಾಲ ಸಂದಿಯಲ್ಲಿ ಕ್ಯಾನು ಕುಲುಕಿ ಇಬ್ಬರ ಸೀರೆ ಅಂಚೂ ಒದ್ದೆ. ಈಗಲೂ ಆ ದಾರಿಯ ಬಸ್ಸು ಹತ್ತಿದರೆ ನನ್ನ ಕಾಲು ತಾನಾಗಿ ಕ್ಯಾನು ಹುಡುಕುತ್ತದೆ.

ಮೊದಮೊದಲು ಎಲ್ಲ ಸರಿಯಿತ್ತು. ತೊಟ್ಟಿಯ ನೀರನ್ನು ಸೀಸೆಯಲ್ಲಿ ಕಾಲೇಜಿಗೆ ಒಯ್ದು, ಲ್ಯಾಬಿನಲ್ಲಿ ದ್ರಾವಣ ಬೆರೆಸಿ ನೋಡುತ್ತಿದ್ದೆ: ಅಮೋನಿಯಾ ಇದ್ದರೆ ಹಳದಿ, ನೈಟ್ರೈಟ್ ಇದ್ದರೆ ಗುಲಾಬಿ. ಅಮೋನಿಯಾದ ಹಳದಿ ತಿಳಿಯಾಗುತ್ತಾ ಬಂತು, ನೈಟ್ರೈಟಿನ ಗುಲಾಬಿ ಕಾಣಿಸಿತು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಹಳದಿ ಹಳದಿಯಾಗಿಯೇ ಉಳಿಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಕರೆಂಟು ಹೋಗಿ ಮೋಟಾರು ನಿಲ್ಲುವುದೇ ಕಾರಣವೆಂದುಕೊಂಡೆ. ಕರೆಂಟಿಲ್ಲದಾಗ ಲೋಟದಲ್ಲಿ ನೀರೆತ್ತಿ ಸುರಿದು ಗಾಳಿಯಾಡಿಸಿದೆ. ಬದಲಾಗಲಿಲ್ಲ. ಅಮೋನಿಯಾ ಹಾಕುವುದನ್ನೇ ನಿಲ್ಲಿಸಿ ನೋಡಿದೆ. ಇಲ್ಲ. ಬ್ಯಾಕ್ಟೀರಿಯಾ ಮನೆ ಮಾಡುವುದು ತೊಟ್ಟಿಯೊಳಗೆ ನೀರು ಸೋಸಲು ಇಟ್ಟ ಸ್ಪಂಜಿನಲ್ಲಿ. ಅವ್ವ ಶುಕ್ರವಾರ ಮನೆ ತೊಳೆಯುವಾಗ ಅದನ್ನೂ ತೊಳೆದಳೇನೋ ಎಂದು ಅವಳ ಮೇಲೆ ರೇಗಿದೆ.

"ನಿನ್ ಸ್ಪಂಜು ಮುಟ್ಟಿದ್ರೆ ಕೇಳೇ! ಬೇರೆ ಕೆಲ್ಸ ಇಲ್ವಾ ನಂಗೆ?" ಎಂದಳು. ಅವಳ ಕೈಯಲ್ಲಿ ಹುಣಸೆಹಣ್ಣು. ಸ್ನಾನದ ಹಂಡೆಯೊಳಗೆ ಬೋರ್ ನೀರು ಕಟ್ಟಿಸಿದ್ದ ಬಿಳಿ ಪದರವನ್ನು ಉಜ್ಜುತ್ತಿದ್ದಳು.

ಮರುದಿನ, ಅದುವರೆಗೆ ನೋಡದೇ ಇದ್ದ ಒಂದನ್ನು ನೋಡಿದೆ. ಪಿಎಚ್ ಕಾಗದ ಅದ್ದಿದರೆ ಹಸಿರಾಗಬೇಕಾದದ್ದು ಕಿತ್ತಳೆಗೆ ತಿರುಗಿತು. ತೊಟ್ಟಿ ಹುಳಿಯಾಗಿತ್ತು. ಬ್ಯಾಕ್ಟೀರಿಯಾ ಕೆಲಸ ಮಾಡಿದಂತೆಲ್ಲ ಆಮ್ಲ ಹುಟ್ಟುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಹುಳಿ ಹೆಚ್ಚಾದರೆ ಅವು ಸುಮ್ಮನಾಗುತ್ತವೆ. ಆದರೆ ಆ ಹುಳಿಯನ್ನು ತಡೆಯುವುದು ಏನು? ಅವ್ವನ ಹುಣಸೆಹಣ್ಣು ಕಣ್ಣಿಗೆ ಬಂತು. ಹಂಡೆಯ ಪದರವನ್ನು ಹುಳಿ ಕರಗಿಸುತ್ತದೆ ಎಂದರೆ, ಆ ಪದರವೂ ಹುಳಿಯನ್ನು ತಿನ್ನುತ್ತದೆ. ಒಂದು ಚೂರು ಕೆರೆದು ಲ್ಯಾಬಿಗೆ ಒಯ್ದು ಆಮ್ಲ ಬಿಟ್ಟೆ. ಬುಸ್ಸೆಂದು ನೊರೆಯೆದ್ದಿತು. ಸುಣ್ಣ! ನಾವು ಬೈದುಕೊಂಡು ಕುಡಿಯುತ್ತಿದ್ದ ನೀರಿನಲ್ಲಿ ಅದು ಬೇಕಾದಷ್ಟಿತ್ತು. ಬಸ್ಸಿನಲ್ಲಿ ಹೊತ್ತು ತಂದ ಸಿಹಿನೀರಿನಲ್ಲಿ ಇರಲಿಲ್ಲ.

ಅರ್ಧ ತೊಟ್ಟಿ ಖಾಲಿ ಮಾಡಿ ಬೋರ್ ನೀರು ತುಂಬಿದೆ. "ಅಷ್ಟು ದೂರದಿಂದ ತಂದಿದ್ದು ಕಣೇ!" ಎಂದು ಅವ್ವ ಹೊಟ್ಟೆ ಉರಿದುಕೊಂಡಳು. ಕೆಲವೇ ದಿನಕ್ಕೆ ಹಳದಿ ಮತ್ತೆ ತಿಳಿಯಾಯಿತು. ಗುಲಾಬಿ ದಟ್ಟವಾಗಿ, ನಿಧಾನಕ್ಕೆ ಅದೂ ಹೋಯಿತು. ಆಗ ಹಾಸನದಿಂದ ಮಾಲಿ ಎಂಬ ಜಾತಿಯ ಕಪ್ಪು ಮೀನುಗಳನ್ನು ತಂದು ಬಿಟ್ಟೆ. ದೊಡ್ಡಪ್ಪ ಬೆಳಿಗ್ಗೆ ಎದ್ದವರೇ ವಿಭೂತಿಗಿಂತ ಮೊದಲು ತೊಟ್ಟಿ ನೋಡುವುದು ರೂಢಿಯಾಯಿತು. ಸತ್ತದ್ದು ಸಿಗಲಿ ಎಂದೋ, ಸಿಗದಿರಲಿ ಎಂದೋ, ನಾನು ಕೇಳಲಿಲ್ಲ. ಒಂದೂ ಸಾಯಲಿಲ್ಲ. ಪರೀಕ್ಷೆಯ ದಿನ ತೊಟ್ಟಿಯನ್ನು ಕಾಲೇಜಿಗೆ ಸಾಗಿಸಿದೆ. ಪರೀಕ್ಷಕರು ಗಾಜಿಗೆ ಮುಖವಿಟ್ಟು ನೋಡಿ, ನನ್ನ ವರದಿ ತಿರುವಿ, "ನೀರು ಯಾಕೆ ಬದಲಾಯಿಸಿದಿರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಉತ್ತರ ನನಗೆ ಬಾಯಿಪಾಠವಲ್ಲ, ಅನುಭವವಾಗಿತ್ತು.

ಎಲ್ಲ ವಿಷಯದಲ್ಲೂ ಪಾಸಾದೆ. ಪದವಿಯ ಸರ್ಟಿಫಿಕೇಟ್ ಬಂದ ದಿನ ಅದನ್ನು ನೇರ ತಂದು ದೊಡ್ಡಪ್ಪನ ಮುಂದೆ ಹಿಡಿದೆ. ಅವರು ಪಂಚೆಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡರು. ಮಸಿ ತಾಗದಂತೆ ಲ್ಯಾಮಿನೇಷನ್ ಮಾಡಿಸುತ್ತೇನೆ ಎಂದೆ.

"ಆಮೇಲೆ ಮಾಡ್ಸುವಂತೆ ಇರವ್ವಾ," ಎಂದರು. "ಮೊದ್ಲು ನಿಮ್ಮವ್ವನ್ನ ಕರಿ. ಕಾಗದ ಕಾಗದವಾಗೇ ಇರುವಾಗ ಒಂದ್ಸಲ ಮುಟ್ಟಿ ನೋಡ್ಲಿ."