ಸಾಹೇಬನ ಲಾಡ್ಜು, ನನ್ನಜ್ಜನ ತೊಟ್ಟಿ

"ಏ ತಮ್ಮಾ, ಈ ಮಂದಿ ನಮ್ಮಪ್ಪನ ಸುಣ್ಣದ ತೊಟ್ಟ್ಯಾಗ ಯಾಕ ಕಾಲ ಇಟ್ಕೊಂಡ ಕುಂತಾರೋ?"

ಅವ್ವ ಹೀಗೆ ಕೇಳಿದಾಗ ನಾನಿನ್ನೂ ಮೆನು ನೋಡುತ್ತಿದ್ದೆ.

ಹೆಬ್ಬಳ್ಳಿ ಕಡೆಯ ಒಂದು ಕೆರೆಯ ದಂಡೆಯಲ್ಲಿ ಮರದ ದಿಮ್ಮಿಗಳ ಲಾಡ್ಜ್ ಶುರುವಾಗಿದೆ. ಕಳೆದ ತಿಂಗಳು ಅವ್ವನನ್ನು ಅಲ್ಲಿಗೆ ಊಟಕ್ಕೆ ಕರೆದೊಯ್ದಿದ್ದೆ. ಅವಳ ತವರಿನ ಕೆರೆ, ಖುಷಿಪಡುತ್ತಾಳೆ ಎಂದುಕೊಂಡಿದ್ದೆ...

ಬಾಗಿಲಲ್ಲೇ ಲಾಡ್ಜಿನ ಇತಿಹಾಸ ಹೇಳುವ ದೊಡ್ಡ ಬೋರ್ಡು. ಬೇಟೆಗೆ ಬರುತ್ತಿದ್ದ ಬ್ರಿಟಿಷ್ ಸಾಹೇಬರೊಬ್ಬರು ಕಟ್ಟಿಸಿದ ಬಂಗಲೆಯಂತೆ. ಹಿತ್ತಲಿನ ಕಲ್ಲಿನ ತೊಟ್ಟಿಗಳಲ್ಲಿ ಸಾಹೇಬರು ಸ್ನಾನ ಮಾಡುತ್ತಿದ್ದರಂತೆ. ಈಗ ಅವುಗಳಲ್ಲಿ ಬಿಸಿನೀರು, ಗುಲಾಬಿ ಎಸಳು. ಬಂದವರು ಕಾಲು ಇಳಿಬಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಸುಳ್ಳು. ಶುದ್ಧ ಸುಳ್ಳು.

ಅದು ನನ್ನಜ್ಜ ಮತ್ತು ಅವನ ಅಣ್ಣತಮ್ಮಂದಿರು ಚರ್ಮ ಹದ ಮಾಡುತ್ತಿದ್ದ ಜಾಗ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಿದ್ದದ್ದು ಆ ತೊಟ್ಟಿಗಳಲ್ಲಿ, ಒಣಹಾಕುತ್ತಿದ್ದದ್ದು ಈಗ ಲಾಡ್ಜಿನ ಮಾಡು ಹೊತ್ತಿರುವ ತೊಲೆಗಳಿಗೆ. ತೊಲೆ ಹೊತ್ತು ತಂದು, ಈಗ ಬಂಗಲೆ ಎನಿಸಿಕೊಂಡಿರುವ ಆ ಶೆಡ್ ನಿಲ್ಲಿಸಿದವರೂ ಅವರೇ.

ಕೆರೆ ಹೊಲಸಾಗುತ್ತದೆ ಎಂದು ಊರವರು ಅವರನ್ನು ಎಬ್ಬಿಸಿ ಓಡಿಸಿದರು. ಇವತ್ತು ಲಾಡ್ಜಿನ ಕಕ್ಕಸಿನ ನೀರು ಅದೇ ಕೆರೆಗೆ ಹೋಗುತ್ತಿದೆ. ಯಾರಿಗೂ ವಾಸನೆ ಬರುವುದಿಲ್ಲ!

ಮ್ಯಾನೇಜರನನ್ನು ಕರೆದು ಎಲ್ಲ ಹೇಳಿದೆವು. ಅವನು ಅವ್ವನಿಗೆ ಕೈಮುಗಿದ. "ಅಮ್ಮಾರ, ಸಾಹೇಬ್ರು ಅಂದ್ರ ಗಿರಾಕಿ ಬರ್ತಾರ್ರಿ. ತೊಗಲು ಅಂದ್ರ ಮೂಗ ಮುಚ್ಕೋತಾರ."

"ಮುಚ್ಕೊಳ್ಳಿ ಬಿಡಪಾ. ಇವರ ಅಜ್ಜಗೋಳೂ ಮೂಗ ಮುಚ್ಕೊಂಡ ಬಂದು ನಮ್ಮಪ್ಪನ ಕಡೆ ಚಪ್ಪಲಿ ಒಯ್ದಾರ."

ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗಂಡಹೆಂಡತಿಗೆ ಇದು ಕೇಳಿಸಿತು. ಸರ್ರನೆ ಕಾಲೆತ್ತಿ ನಳದ ಕಡೆ ಹೋದರು. ಸೋಪು ಹಚ್ಚಿ ಹಚ್ಚಿ ತೊಳೆದುಕೊಂಡರು.

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

"ದಾಖಲೆ ಏನರ ಐತೇನ್ರಿ ಸರ?" ಮ್ಯಾನೇಜರ್ ನನ್ನನ್ನು ಕೇಳಿದ.

"ನಿಮ್ಮ ಸಾಹೇಬಂದು ಏನೈತಿ?"

"ಅದು... ಡಿಸೈನ್ ಮಾಡಾವ್ರು ಬರದ ಕೊಟ್ಟಾರ್ರಿ."

ಚಳವಳಿಯಲ್ಲಿ ಕಲಿತ ಗಂಟಲು ನನ್ನದು, ಏರಿಸಲು ಹೊರಟೆ. ಅವ್ವ ನನ್ನ ತೋಳು ಹಿಡಿದಳು. ಅವನಿಗೆ ಹೇಳಿದಳು: "ನಮ್ಮಪ್ಪನ ಹೆಸರು ಹಾಕಬ್ಯಾಡ್ರಿ. ಆ ಸಾಹೇಬನ್ನ ತಗೀರಿ. ಅಷ್ಟ ಸಾಕು."

"ಮಾಲಕರಿಗೆ ಹೇಳತೇನ್ರಿ," ಎಂದ.

ಹೇಳಿದ್ದಾನೆ.

ಮೊನ್ನೆ ಒಬ್ಬನೇ ಹೋಗಿ ನೋಡಿದೆ. ಬೋರ್ಡು ಹಾಗೇ ಇದೆ, ಸಾಹೇಬ ಹಾಗೇ ಇದ್ದಾನೆ. ತೊಟ್ಟಿಗಳಿಲ್ಲ. ಒಡೆದು, ಮಣ್ಣು ತುಂಬಿ, ಮೇಲೆ ಹುಲ್ಲು ಹಾಸಿದ್ದಾರೆ.

ಅಂದರೆ ಅವ್ವನ ಮಾತನ್ನು ಅವರು ಪೂರ್ತಿ ನಂಬಿದ್ದಾರೆ. ನಂಬಿದ್ದಕ್ಕೇ ಒಡೆದಿದ್ದಾರೆ.

ಅವ್ವ ದಿನಾ ಕೇಳುತ್ತಾಳೆ, "ಸಾಹೇಬನ್ನ ತಗದ್ರೇನೋ?"

ಏನೆಂದು ಹೇಳಲಿ ಅವಳಿಗೆ?